ಕಾಣದ ಕಿರಣ, ಅಳೆಯದ ನೀರು

ತುಂಗಭದ್ರೆಯ ದಂಡೆಯ ಮೇಲಿರುವ ಹರಿಹರವೂ ಅದಕ್ಕೆ ಅನತಿ ದೂರದಲ್ಲಿರುವ ದಾವಣಗೆರೆಯೂ ಮಧ್ಯ ಕರ್ನಾಟಕದ ಎರಡು ಪ್ರಸಿದ್ಧ ಪಟ್ಟಣಗಳು. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಮೊದಲನೆಯದು ಹೆಸರಾದರೆ, ಹತ್ತಿಯ ಗಿರಣಿಗಳಿಂದಲೂ ವ್ಯಾಪಾರದಿಂದಲೂ ವಿದ್ಯಾಸಂಸ್ಥೆಗಳಿಂದಲೂ ಎರಡನೆಯದು ಹೆಸರಾಯಿತು. ಇವೆರಡರ ನಡುವೆ ಪಯಣಿಸುವವರ ಕಣ್ಣಿಗೆ ಭದ್ರಾ ನಾಲೆಯ ನೀರುಂಡು ಹಸಿರಾದ ಬತ್ತದ ಗದ್ದೆಗಳೂ ತೆಂಗು ಅಡಕೆಯ ತೋಟಗಳೂ ಕಾಣುತ್ತವೆ. ಆದರೆ ದಾವಣಗೆರೆಯನ್ನು ದಾಟಿ ಜಗಳೂರಿನ ದಾರಿ ಹಿಡಿದರೆ ನೆಲದ ಮುಖವೇ ಬದಲಾಗುತ್ತದೆ. ಹಸಿರು ವಿರಳವಾಗುತ್ತದೆ, ಮಳೆಯನ್ನೇ ನಂಬಿದ ಹೊಲಗಳು, ಕಲ್ಲುಗುಡ್ಡಗಳು, ಬರಿದಾದ ಕೆರೆಯಂಗಳಗಳು ಎದುರಾಗುತ್ತವೆ. ಅಲ್ಲಿ ಜನರ ಬಾಯಾರಿಕೆಯನ್ನು ತಣಿಸುವುದು ನದಿಯೂ ಅಲ್ಲ, ನಾಲೆಯೂ ಅಲ್ಲ. ನೂರಾರು ಅಡಿ ಆಳಕ್ಕೆ ಬಂಡೆಯನ್ನು ಕೊರೆದು ಇಳಿಸಿದ ಕೊಳವೆಬಾವಿ.

ಕೊಳವೆಬಾವಿಯ ನೀರು ನೋಡುವುದಕ್ಕೆ ತಿಳಿಯಾಗಿರುತ್ತದೆ. ಅದರಲ್ಲಿ ಕೆಸರಿಲ್ಲ, ಪಾಚಿಯಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಶುದ್ಧವಾಗಿ ಕಂಡದ್ದೆಲ್ಲ ಶುದ್ಧವೆಂದು ನಂಬುವುದು ಮನುಷ್ಯನ ಸಹಜ ಸ್ವಭಾವ. ಆದರೆ 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು' ಎಂಬುದು ಹಿರಿಯರ ಮಾತು. ನೀರು ಯಾವ ನೆಲದೊಳಗೆ ನಿಂತಿತ್ತೋ ಆ ನೆಲದ ಗುಣದೋಷಗಳನ್ನು ತನ್ನೊಡನೆ ಹೊತ್ತು ತರುತ್ತದೆ. ಕೊಳವೆಬಾವಿ ಮೇಲೆತ್ತುವುದು ನೀರನ್ನು ಮಾತ್ರವಲ್ಲ. ಬಂಡೆಯ ಬಿರುಕುಗಳಲ್ಲಿ ಆ ನೀರು ಕಳೆದ ವರ್ಷಗಳ ಇತಿಹಾಸವನ್ನೂ ಎತ್ತುತ್ತದೆ. ಆ ಇತಿಹಾಸವನ್ನು ಓದಬಲ್ಲದ್ದು ಕಣ್ಣಲ್ಲ, ನಾಲಗೆಯಲ್ಲ, ಅಳತೆಯ ಉಪಕರಣ.

ದಾವಣಗೆರೆ ಸೀಮೆಯ ನೆಲದಡಿಯಲ್ಲಿ ಹರಡಿರುವ ಗ್ನೈಸ್ ಮತ್ತು ಗ್ರಾನೈಟ್ ಶಿಲೆಗಳು ಭೂಮಿಯ ಅತ್ಯಂತ ಪ್ರಾಚೀನ ಶಿಲೆಗಳ ಸಾಲಿಗೆ ಸೇರಿದವು. ಅವುಗಳ ವಯಸ್ಸನ್ನು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಕ್ಕೆ ಎಣಿಸಲಾಗುತ್ತದೆ. ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಯುರೇನಿಯಂ, ಥೋರಿಯಂ ಎಂಬ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತವೆ. ಹತ್ತು ಲಕ್ಷ ಭಾಗ ಕಲ್ಲಿನಲ್ಲಿ ಕೆಲವೇ ಭಾಗ ಎನ್ನಬಹುದು. ಹರಿಹರೇಶ್ವರ ದೇವಾಲಯಕ್ಕೆ ಬಳಸಿದ ಬಳಪದ ಕಲ್ಲಿನಂತಹ ಶಿಲೆಗಳಲ್ಲಿ ಇವು ಸಾಮಾನ್ಯವಾಗಿ ಇನ್ನೂ ಕಡಿಮೆ. ಈ ಧಾತುಗಳಿಗೆ ಒಂದು ವಿಶೇಷ ಗುಣವುಂಟು. ಅವು ಸ್ಥಿರವಾಗಿ ನಿಲ್ಲಲಾರವು. ಯಾವ ಹೊರಗಿನ ಪ್ರೇರಣೆಯೂ ಇಲ್ಲದೆ ತಮ್ಮಷ್ಟಕ್ಕೆ ತಾವೇ ಒಡೆಯುತ್ತ, ಕಣಗಳನ್ನೂ ಕಿರಣಗಳನ್ನೂ ಹೊರಸೂಸುತ್ತ, ಬೇರೆ ಬೇರೆ ಧಾತುಗಳಾಗಿ ಮಾರ್ಪಡುತ್ತವೆ. ಈ ಗುಣವನ್ನೇ ವಿಜ್ಞಾನಿಗಳು ವಿಕಿರಣಪಟುತ್ವವೆಂದು ಕರೆದರು. 1896ರಲ್ಲಿ ಫ್ರಾನ್ಸಿನ ಹೆನ್ರಿ ಬೆಕರೆಲ್ ಇದನ್ನು ಮೊದಲು ಗುರುತಿಸಿದನು. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರಿ ಕ್ಯೂರಿ ದಂಪತಿಗಳು ಯುರೇನಿಯಂ ಅದಿರಿನಲ್ಲಿ ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು.

ವಿಕಿರಣವೆಂದರೆ ಅಣುಬಾಂಬು, ಅಣುಸ್ಥಾವರಗಳಿಂದಲೇ ಬರುವಂಥದ್ದು ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ಗ್ರಹಿಕೆ. ಮನುಷ್ಯನು ಭೂಮಿಯ ಮೇಲೆ ಕಾಣಿಸಿಕೊಳ್ಳುವ ಮೊದಲೇ ವಿಕಿರಣವಿತ್ತು. ಅಂತರಿಕ್ಷದಿಂದ ವಿಶ್ವಕಿರಣಗಳು ಅನವರತವಾಗಿ ಸುರಿಯುತ್ತಿವೆ. ಕಲ್ಲು, ಮಣ್ಣು, ಇಟ್ಟಿಗೆ, ಸುಣ್ಣಗಳಿಂದಲೂ ಕಿರಣಗಳು ಹೊಮ್ಮುತ್ತವೆ. ಮನುಷ್ಯನ ಮೈಯೊಳಗಿನ ಪೊಟ್ಯಾಸಿಯಂನಲ್ಲಿಯೂ ವಿಕಿರಣಪಟುವಾದ ಒಂದು ಅಂಶವುಂಟು. ಪ್ರಪಂಚದಲ್ಲಿ ಒಬ್ಬ ಮನುಷ್ಯನಿಗೆ ಪ್ರಕೃತಿಯಿಂದ ಒಂದು ವರ್ಷದಲ್ಲಿ ತಗಲುವ ವಿಕಿರಣದ ಸರಾಸರಿ ಪ್ರಮಾಣವನ್ನು 2.4 ಮಿಲಿಸೀವರ್ಟ್ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಲೆಕ್ಕಹಾಕಿದೆ. ಮಿಲಿಸೀವರ್ಟ್ ಎಂಬುದು ದೇಹದ ಮೇಲೆ ವಿಕಿರಣ ಮಾಡುವ ಪರಿಣಾಮವನ್ನು ಅಳೆಯುವ ಮಾನ. ಈ ಮೊತ್ತದಲ್ಲಿ ಸುಮಾರು ಅರ್ಧದಷ್ಟು ಉಸಿರಿನೊಡನೆ ಒಳಸೇರುವ ರೇಡಾನ್ ಎಂಬ ಅನಿಲದಿಂದ ಬರುತ್ತದೆ.

ಹಾಗಾದರೆ ಸಹಜ ವಿಕಿರಣ ಹೆಚ್ಚಿರುವ ಕಡೆಯಲ್ಲೆಲ್ಲ ಜನ ರೋಗಿಗಳಾಗಿ ನರಳಬೇಕಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಪಶ್ಚಿಮ ಕರಾವಳಿಯಲ್ಲಿ ದೊರೆಯುತ್ತದೆ. ಕೇರಳದ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಉಳ್ಳ ಮೊನಜೈಟ್ ಎಂಬ ಖನಿಜ ಬೆರೆತಿದೆ. ದಕ್ಷಿಣ ಕನ್ನಡದ ಉಳ್ಳಾಲದ ತೀರದಲ್ಲಿಯೂ ಅಂಥದೇ ಮರಳಿನ ತುಣುಕುಗಳುಂಟು. ಕರುನಾಗಪಳ್ಳಿಯ ಕೆಲವೆಡೆ ವಿಕಿರಣವು ಸಾಮಾನ್ಯ ಪ್ರಮಾಣಕ್ಕಿಂತ ಹತ್ತಾರು ಪಟ್ಟು ಹೆಚ್ಚು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು ಅಲ್ಲಿನ ಸುಮಾರು 70 ಸಾವಿರ ನಿವಾಸಿಗಳ ಆರೋಗ್ಯವನ್ನು ಸರಾಸರಿ ಹತ್ತು ವರ್ಷಗಳಿಗೂ ಮೇಲ್ಪಟ್ಟು ಗಮನಿಸಿತು. ಆ ನೆಲದ ವಿಕಿರಣದಿಂದಾಗಿ ಕ್ಯಾನ್ಸರ್ ಹೆಚ್ಚಾಗಿದೆಯೆಂಬುದಕ್ಕೆ ಆಧಾರ ದೊರೆಯಲಿಲ್ಲವೆಂದು 2009ರಲ್ಲಿ ಪ್ರಕಟವಾದ ಅದರ ವರದಿ ತಿಳಿಸಿತು. ಹಗ್ಗವನ್ನು ಹಾವೆಂದು ಭ್ರಮಿಸಿ ಓಡುವವರಿಗೆ ಇದೊಂದು ಸಮಾಧಾನದ ಮಾತು.

ಆದರೆ ಹಗ್ಗವನ್ನು ಕಂಡು ಧೈರ್ಯ ತಾಳಿದವನು ಹಾವನ್ನೂ ಹಗ್ಗವೆಂದು ಹಿಡಿಯಲು ಹೋಗಬಾರದು. ಕಡಲತೀರದ ಮರಳಿನಿಂದ ಬರುವ ಕಿರಣವು ಬಹುಮಟ್ಟಿಗೆ ಮೈಯ ಹೊರಗಿನಿಂದ ತಾಗುವಂಥದು. ವಿಕಿರಣಪಟು ವಸ್ತುವು ಧೂಳಾಗಿ, ಅನಿಲವಾಗಿ, ನೀರಿನಲ್ಲಿ ಕರಗಿದ ಲವಣವಾಗಿ ಮೈಯ ಒಳಕ್ಕೇ ಪ್ರವೇಶಿಸಿದರೆ ಕಥೆ ಬೇರೆಯಾಗುತ್ತದೆ. ಮಧ್ಯ ಯುರೋಪಿನ ಶ್ನೀಬರ್ಗ್ ಮತ್ತು ಯೋಆಕಿಮ್‌ಸ್ತಾಲ್ ಎಂಬ ಗಣಿಯೂರುಗಳ ಕಾರ್ಮಿಕರು ಶತಮಾನಗಳ ಕಾಲ ಎದೆಯ ರೋಗದಿಂದ ನಡುವಯಸ್ಸಿನಲ್ಲೇ ಸಾಯುತ್ತಿದ್ದರು. ಅದು ಗಣಿಯ ಶಾಪವೆಂದೇ ಜನ ತಿಳಿದಿದ್ದರು. ಶ್ನೀಬರ್ಗಿನ ಆ ರೋಗ ಶ್ವಾಸಕೋಶದ ಗಡ್ಡೆಯೆಂದು 1879ರಲ್ಲಿ ಇಬ್ಬರು ವೈದ್ಯರು ತೋರಿಸಿದರು. ಯುರೇನಿಯಂ ವಂಶದಲ್ಲಿ ಹುಟ್ಟುವ ರೇಡಾನ್ ಅನಿಲವೇ ಅದರ ಮುಖ್ಯ ಕಾರಣವೆಂಬುದು ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಣ್ಣ, ವಾಸನೆ ಯಾವುದೂ ಇಲ್ಲದ ಈ ಅನಿಲವು ಬಯಲಿನಲ್ಲಿ ಗಾಳಿಯೊಡನೆ ಚದುರಿಹೋಗುತ್ತದೆ. ಗಾಳಿಯಾಡದ ಸುರಂಗದಲ್ಲಿ ಶೇಖರವಾಗುತ್ತದೆ. ಅದರ ಒಡೆತದಿಂದ ಹುಟ್ಟಿದ ಕಣಗಳು ಧೂಳಿಗಂಟಿ ಶ್ವಾಸಕೋಶವನ್ನು ಸೇರುತ್ತವೆ. ಶ್ವಾಸಕೋಶದ ಕ್ಯಾನ್ಸರಿಗೆ ತಂಬಾಕಿನ ನಂತರ ರೇಡಾನ್ ಪ್ರಮುಖ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗಮನಿಸಬೇಕಾದುದೇನೆಂದರೆ, ಯುರೇನಿಯಂ ಆ ಗಣಿಗಳಲ್ಲಿ ಹೊಸದಾಗಿ ಹುಟ್ಟಲಿಲ್ಲ. ಅದು ಕೋಟ್ಯಂತರ ವರ್ಷಗಳಿಂದ ಬಂಡೆಯ ಒಡಲಿನಲ್ಲಿ ಯಾರಿಗೂ ಕೇಡು ಮಾಡದೆ ಮಲಗಿತ್ತು. ಮನುಷ್ಯನು ಬಂಡೆಯನ್ನು ಒಡೆದು, ಪುಡಿಮಾಡಿ, ಗಾಳಿಗೂ ನೀರಿಗೂ ಒಡ್ಡಿದಾಗ ಅದಕ್ಕೆ ಚಲನೆ ಬಂದಿತು. ಪ್ರಕೃತಿಸಹಜವಾದ ವಸ್ತುವಿನಿಂದ ಒದಗುವ ಅಪಾಯವೂ ಅನೇಕ ವೇಳೆ ಮನುಷ್ಯನ ಕೃತ್ಯದಿಂದಲೇ ಒದಗುತ್ತದೆಂಬುದನ್ನು ಇದು ತೋರಿಸುತ್ತದೆ. 'ಪ್ರಕೃತಿಯೇ ಕೊಟ್ಟದ್ದು, ಏನು ಮಾಡಲು ಸಾಧ್ಯ?' ಎಂದು ಕೈಚೆಲ್ಲುವ ಮಾತು ಆದುದರಿಂದ ಪೂರ್ಣ ಸತ್ಯವಲ್ಲ.

ಈ ಅಪಾಯ ಮರುಭೂಮಿಯಲ್ಲಿಯೂ ಒಣನಾಡಿನಲ್ಲಿಯೂ ಇಮ್ಮಡಿಯಾಗುತ್ತದೆ. ಮಳೆ ಹೆಚ್ಚಿರುವ ನಾಡಿನಲ್ಲಿ ಹೊಸ ನೀರು ಹಳೆಯ ನೀರಿನೊಡನೆ ಬೆರೆತು ದೋಷವನ್ನು ತೆಳುವಾಗಿಸುತ್ತದೆ. ಹಸಿರು ಹೊದಿಕೆ ಧೂಳನ್ನು ಹಿಡಿದಿಡುತ್ತದೆ. ಒಣನಾಡಿಗೆ ಇವೆರಡರ ರಕ್ಷೆಯೂ ಇಲ್ಲ. ಅಲ್ಲಿ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕಲ್ಲಿನ ಅಂಶಗಳನ್ನು ಕರಗಿಸಿಕೊಳ್ಳುತ್ತದೆ. ಬಿಸಿಲಿಗೆ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಲವಣ ಸಾಂದ್ರವಾಗುತ್ತದೆ. ಗಣಿಯವರು ಅದಿರನ್ನು ತೆಗೆದುಕೊಂಡು ಬಿಟ್ಟುಹೋದ ಪುಡಿಯ ರಾಶಿಯು ಬೇಸಗೆಯ ಗಾಳಿಗೆ ಊರ ಮೇಲೆ ಬಂದು ಬೀಳುತ್ತದೆ. ಇಂತಹ ನಾಡಿನಲ್ಲಿ ಬದುಕುವವರು ಸಾಮಾನ್ಯವಾಗಿ ಬಡವರು. ಆ ನೀರನ್ನು ಬಿಟ್ಟರೆ ಅವರಿಗೆ ಬೇರೆ ನೀರಿಲ್ಲ, ಆ ನೆಲವನ್ನು ಬಿಟ್ಟರೆ ಬೇರೆ ನೆಲೆಯಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯದ ಮರುಭೂಮಿಯಲ್ಲಿ ವಾಸಿಸುವ ನವಾಹೋ ಎಂಬ ಮೂಲನಿವಾಸಿಗಳ ಕಥೆ ಇದಕ್ಕೆ ಉದಾಹರಣೆ. 1944ರಿಂದ 1986ರವರೆಗೆ ಅವರ ನೆಲದಿಂದ ಸುಮಾರು ಮೂರು ಕೋಟಿ ಟನ್ ಯುರೇನಿಯಂ ಅದಿರನ್ನು ಹೊರತೆಗೆಯಲಾಯಿತು. ಸುರಂಗಗಳಲ್ಲಿ ದುಡಿದವರಲ್ಲಿ ಬಹುಮಂದಿ ನವಾಹೋ ಜನರೇ. ಗಾಳಿಯಾಡದ ಗಣಿಯೊಳಗಿನ ಅಪಾಯವನ್ನು ತಜ್ಞರು ಬಲ್ಲವರಾಗಿದ್ದರೂ ಕಾರ್ಮಿಕರಿಗೆ ಅದನ್ನು ತಿಳಿಸಿ ಹೇಳಿದವರು ವಿರಳ. ಅವರಲ್ಲಿ ಅನೇಕರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. 1979ರ ಜುಲೈ 16ರಂದು ಚರ್ಚ್ ರಾಕ್ ಎಂಬಲ್ಲಿ ಕಾರ್ಖಾನೆಯ ತ್ಯಾಜ್ಯವನ್ನು ತಡೆದಿದ್ದ ಒಡ್ಡು ಒಡೆದು, ಸುಮಾರು 35 ಕೋಟಿ ಲೀಟರ್ ವಿಷಜಲವು ದನಕುರಿಗಳು ನೀರು ಕುಡಿಯುತ್ತಿದ್ದ ಹೊಳೆಯನ್ನು ಸೇರಿತು. ಗಣಿಗಳು ಮುಚ್ಚಿದ ಮೇಲೂ ಕಷ್ಟ ಮುಗಿಯಲಿಲ್ಲ. ಐನೂರಕ್ಕೂ ಹೆಚ್ಚು ಗಣಿಗಳು ಪಾಳುಬಿದ್ದು ನೆಲವನ್ನೂ ಬಾವಿಗಳನ್ನೂ ಕೆಡಿಸಿದವು. ಪರಿಹಾರ ನೀಡುವ ಕಾನೂನನ್ನು ಅಲ್ಲಿನ ಸರ್ಕಾರ ಮಾಡಿದ್ದು 1990ರಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಆ ಜನರನ್ನು ಕೊಂದದ್ದು ಕಿರಣ ಮಾತ್ರವಲ್ಲ, ಬಲ್ಲವರ ಮೌನವೂ ಹೌದು.

ಕನ್ನಡ ನಾಡು ಮರುಭೂಮಿಯಲ್ಲ. ಆದರೂ ಗಣಿ ಮತ್ತು ಒಣನೆಲ ಎರಡೂ ಕೂಡಿದ ಪ್ರದೇಶಗಳು ಇಲ್ಲಿ ಇಲ್ಲದಿಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಸಂಸ್ಥೆಯವರು ದೊಡ್ಡ ಪ್ರಮಾಣದಲ್ಲಿ ನಡೆಸಿದರು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ ಬಂಡೆಯನ್ನು ಮೇಲೆ ತಂದು, ನುಣ್ಣಗೆ ಅರೆದು, ಸಯನೈಡಿನಿಂದ ಚಿನ್ನವನ್ನು ಬೇರ್ಪಡಿಸಿ, ಉಳಿದ ಪುಡಿಯನ್ನು ಅಲ್ಲಿಯೇ ರಾಶಿ ಹಾಕಿದರು. ಅವೇ ಸಯನೈಡ್ ದಿಬ್ಬಗಳೆಂದು ಹೆಸರಾಗಿವೆ. ಕೋಲಾರದ ಮುಖ್ಯ ಪಿಡುಗು ವಿಕಿರಣವಾಗಿರಲಿಲ್ಲ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವಾಗಿತ್ತು. ಆದರೆ ಅದು ಕಲಿಸುವ ಪಾಠ ಒಂದೇ. ಗಣಿಯಿಂದ ಬಂದ ಚಿನ್ನ ಹೊರಟುಹೋಗುತ್ತದೆ. ಗಣಿಯ ಧೂಳು ಊರಿನಲ್ಲಿ ಉಳಿಯುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿರುವುದನ್ನು ಅಣು ಖನಿಜ ನಿರ್ದೇಶನಾಲಯದವರು ಪತ್ತೆಹಚ್ಚಿದಾಗ, ಸುತ್ತಲಿನ ಹಳ್ಳಿಗಳ ಜನ ತಮ್ಮ ಬಾವಿಯ ನೀರಿನ ಬಗೆಗೆ ಆತಂಕಗೊಂಡು ಗಣಿಗಾರಿಕೆಯನ್ನು ವಿರೋಧಿಸಿದರು. ಅವರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಅಂಕಿಗಳನ್ನು ಅವರ ಮುಂದಿಟ್ಟು ಉತ್ತರ ಹೇಳುವುದು ಯೋಗ್ಯ.

ಗಣಿಯೇ ಇಲ್ಲದ ಊರಿಗೆ ಈ ಚಿಂತೆ ಬೇಡವೆಂದು ತೋರಬಹುದು. ಆದರೆ ಕೊಳವೆಬಾವಿಯೂ ಒಂದು ಬಗೆಯ ಗಣಿಯೇ. ಗಣಿಯಂತೆಯೇ ಅದೂ ಬಂಡೆಯನ್ನು ಕೊರೆಯುತ್ತದೆ. ಅದಿರಿಗೆ ಬದಲಾಗಿ ನೀರನ್ನು ತೆಗೆಯುತ್ತದೆ. 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಭಾರತೀಯ ಸಹೋದ್ಯೋಗಿಗಳೊಡನೆ ರಾಜಸ್ಥಾನ ಮತ್ತು ಗುಜರಾತಿನ 324 ಬಾವಿಗಳ ನೀರನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ರಾಜಸ್ಥಾನದಲ್ಲಿ ಪರೀಕ್ಷಿಸಿದ ಬಾವಿಗಳ ಪೈಕಿ ಮೂರನೆಯ ಒಂದು ಭಾಗದಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿಯನ್ನು ಮೀರಿತ್ತು. ಬಂಡೆಯ ಗುಣದ ಜೊತೆಗೆ ಅಂತರ್ಜಲವನ್ನು ಮಿತಿಮೀರಿ ಎತ್ತಿದುದೂ, ಗೊಬ್ಬರ ಮತ್ತು ಕೊಳಚೆಯಿಂದ ನೆಲಕ್ಕಿಳಿದ ನೈಟ್ರೇಟೂ ಈ ದೋಷವನ್ನು ಹೆಚ್ಚಿಸುತ್ತವೆಂದು ಅವರು ತಿಳಿಸಿದರು. ಆ ಬಳಿಕ ಬೆಂಗಳೂರಿನ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿದಾಗ, 57 ಹಳ್ಳಿಗಳಲ್ಲಿ ಅದೇ ಮಿತಿ ಮೀರಿರುವುದು ಕಂಡುಬಂದಿತು. ಅವು ಗಣಿಯೂರುಗಳಲ್ಲ, ಮಳೆ ಕಡಿಮೆಯಾಗಿ, ಕೆರೆ ಬತ್ತಿ, ಕೊಳವೆಬಾವಿಯನ್ನೇ ನಂಬಿದ ಸಾಮಾನ್ಯ ಹಳ್ಳಿಗಳು.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸೂಚಿಸಿದ ಮಿತಿ ಒಂದು ಲೀಟರ್ ನೀರಿಗೆ 30 ಮೈಕ್ರೋಗ್ರಾಂ ಯುರೇನಿಯಂ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿ ಇಟ್ಟುಕೊಂಡ ಮಿತಿ 60 ಮೈಕ್ರೋಗ್ರಾಂ. ಕುಡಿಯುವ ನೀರಿನಲ್ಲಿರುವ ಯುರೇನಿಯಂನಿಂದ ವಿಕಿರಣಕ್ಕಿಂತ ಮುಂಚೆ ಹಾನಿಗೊಳಗಾಗುವುದು ಮೂತ್ರಪಿಂಡ ಎಂಬುದೂ ತಿಳಿದಿರಬೇಕಾದ ಸಂಗತಿ. ಸೀಸದಂತೆ ಅದೂ ಒಂದು ಭಾರಲೋಹ. ಒಂದು ದಿನ, ಒಂದು ತಿಂಗಳು ಕುಡಿದ ನೀರಿನಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಇದು ವರ್ಷಗಟ್ಟಲೆಯ ಸಂಚಯದ ಮಾತು. ಅದೇ ಇದರ ಕುಟಿಲತೆ. ಕಾಲರಾ ಬಂದರೆ ಊರೇ ಎಚ್ಚರಗೊಳ್ಳುತ್ತದೆ. ನಿಧಾನವಾಗಿ ಬರುವ ಕೇಡಿಗೆ ಯಾರೂ ಎಚ್ಚರಗೊಳ್ಳುವುದಿಲ್ಲ. ನೀರನ್ನು ಕಾಯಿಸಿ ಕುಡಿದರೆ ರೋಗಾಣುಗಳು ಸಾಯುತ್ತವೆ, ಯುರೇನಿಯಂ ಹೋಗದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕರಗಿರುವ ರೇಡಾನ್ ಅನಿಲವಾದರೋ ನೀರನ್ನು ಗಾಳಿಗೆ ಒಡ್ಡಿ ಇಟ್ಟರೆ ಬಹುಮಟ್ಟಿಗೆ ಹೊರಟುಹೋಗುತ್ತದೆ.

ಈ ಹಿನ್ನೆಲೆಯಲ್ಲಿ ದಾವಣಗೆರೆ ಸೀಮೆಯನ್ನು ನೋಡಬೇಕು. ದಾವಣಗೆರೆ ನಗರಕ್ಕೆ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ ನೀರು ಬರುತ್ತದೆ. ಭದ್ರಾ ನಾಲೆಯ ನೀರನ್ನು ತುಂಬಿಕೊಳ್ಳುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳೂ ಉಂಟು. ಹರಿಹರಕ್ಕೆ ನದಿಯೇ ಆಸರೆ. ನದಿಯ ನೀರಿಗೆ ಅದರದೇ ಆದ ದೋಷಗಳಿದ್ದರೂ ಅದು ಹರಿಯುವ ನೀರು. ಬಂಡೆಯ ಬಿರುಕಿನಲ್ಲಿ ನಿಂತ ನೀರಲ್ಲ. ಆದರೆ ನದಿ ಬತ್ತಿದಾಗ, ನಾಲೆ ನಿಂತಾಗ ನಗರದ ಬಡಾವಣೆಗಳೂ ಕೊಳವೆಬಾವಿಯ ಮೊರೆಹೋಗುತ್ತವೆ. ನಾಲೆ ತಲುಪದ ಹಳ್ಳಿಗಳಲ್ಲಂತೂ ಅದು ನಿತ್ಯದ ಪಾಡು. ಒಂದೇ ಜಿಲ್ಲೆಯ ಒಂದು ಮಗು ನದಿಯ ನೀರನ್ನೂ ಇನ್ನೊಂದು ಮಗು ಸಾವಿರ ಅಡಿ ಕೆಳಗಿನ ನೀರನ್ನೂ ಕುಡಿದು ಬೆಳೆಯುತ್ತವೆ. ಈ ಎರಡು ಮಕ್ಕಳ ಭವಿಷ್ಯದ ನಡುವೆ ಅಂತರ ಬೀಳಬಾರದು ಎಂಬುದು ನ್ಯಾಯದ ಮಾತು.

ಈ ನೆಲಕ್ಕೆ ಅನುಭವದ ಪಾಠವೊಂದು ಆಗಲೇ ದೊರೆತಿದೆ. ಜಗಳೂರು ಮೊದಲಾದ ಒಣ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿಮೀರಿರುವುದು ಬಹುಕಾಲದಿಂದ ತಿಳಿದ ಸಂಗತಿ. ಅದು ಹಲ್ಲುಗಳಿಗೆ ಕಲೆ ಹಚ್ಚುತ್ತದೆ. ಹೆಚ್ಚಾದರೆ ಮೂಳೆಗಳನ್ನು ಬಾಗಿಸುತ್ತದೆ. ಫ್ಲೋರೈಡ್ ತನ್ನ ಗುರುತನ್ನು ಹಲ್ಲಿನ ಮೇಲೆ ಬರೆದುದರಿಂದ ಜನ ಅದನ್ನು ಕಂಡರು, ದೂರಿದರು, ಪರಿಹಾರ ಕೇಳಿದರು. ಯುರೇನಿಯಂ ಹಾಗೆ ಹೊರಗೆ ಗುರುತು ಬರೆಯುವುದಿಲ್ಲ. ಹಳ್ಳಿಗಳಲ್ಲಿ ನೀರಿನ ಪರೀಕ್ಷೆಗೆ ಬಳಸುವ ಚಿಕ್ಕ ಪೆಟ್ಟಿಗೆಗಳಿಂದ ಫ್ಲೋರೈಡ್, ನೈಟ್ರೇಟ್, ಗಡಸುತನ ಮುಂತಾದವು ತಿಳಿಯುತ್ತವೆ; ಯುರೇನಿಯಂ ತಿಳಿಯುವುದಿಲ್ಲ. ಅದಕ್ಕೆ ಫ್ಲೋರಿಮೀಟರ್ ಎಂಬ ಬೇರೆ ಉಪಕರಣ ಬೇಕು. ಕೇಳದ ಪ್ರಶ್ನೆಗೆ ಉತ್ತರ ದೊರೆಯದು. ಅಳೆಯದ ದೋಷ ಲೆಕ್ಕಕ್ಕೆ ಬಾರದು.

ಇದಕ್ಕೆ ಕೆಲವರು ಆಕ್ಷೇಪಗಳನ್ನು ಎತ್ತಬಹುದು. 'ತಾತಮುತ್ತಾತಂದಿರು ಇದೇ ನೆಲದ ನೀರು ಕುಡಿದು ನೂರು ವರ್ಷ ಬಾಳಲಿಲ್ಲವೆ?' ಎಂಬುದು ಮೊದಲನೆಯದು. ತಾತಂದಿರು ಕುಡಿದದ್ದು ಇದೇ ನೆಲದ ನೀರಾದರೂ ಇದೇ ನೀರಲ್ಲ. ಅವರದು ಕೆರೆಯ ನೀರು, ಸೇದುವ ಬಾವಿಯ ನೀರು. ಪ್ರತಿ ಮಳೆಗಾಲದಲ್ಲಿ ಹೊಸದಾಗುತ್ತಿದ್ದ ನೀರು. ಗಟ್ಟಿ ಬಂಡೆಯನ್ನು ಆಳವಾಗಿ ಕೊರೆಯುವ ಯಂತ್ರಗಳು ಭಾರತದ ಹಳ್ಳಿಗಳಿಗೆ ಬಂದದ್ದು 1960ರ ದಶಕದ ಕೊನೆಯಿಂದ ಈಚೆಗೆ. 'ಸುಮ್ಮನೆ ಜನರನ್ನು ಏಕೆ ಹೆದರಿಸಬೇಕು?' ಎಂಬುದು ಎರಡನೆಯ ಆಕ್ಷೇಪ. ಭಯ ಹುಟ್ಟುವುದು ಅಂಕಿಯಿಂದಲ್ಲ, ಅಂಕಿಯನ್ನು ಮುಚ್ಚಿಡುವುದರಿಂದ. ಪರೀಕ್ಷಿಸಿದ ಬಾವಿಗಳಲ್ಲಿ ಹಲವು ನಿರ್ದೋಷವೆಂದೇ ತಿಳಿಯಬಹುದು. ಹಾಗೆ ತಿಳಿದರೆ ಅದಕ್ಕಿಂತ ದೊಡ್ಡ ಅಭಯ ಬೇರೆ ಇದೆಯೆ? 'ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆಯಲ್ಲ!' ಎಂಬುದು ಮೂರನೆಯದು. ಸರಿಯಾಗಿ ನಡೆಯುವ ಘಟಕ ಯುರೇನಿಯಂ ಮತ್ತು ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯಬಲ್ಲದು, ನಿಜ. ಆದರೆ ಘಟಕದ ಶೋಧಕ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಅದು ಹೊರಚೆಲ್ಲುವ ದೋಷಯುಕ್ತ ನೀರಿಗೂ ತಕ್ಕ ದಾರಿ ಮಾಡಬೇಕು. ಇಲ್ಲವಾದರೆ ಒಂದು ಕಡೆ ತೆಗೆದ ದೋಷವನ್ನು ಇನ್ನೊಂದು ಕಡೆ ನೆಲಕ್ಕೆ ಸುರಿದಂತಾಗುತ್ತದೆ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಕುಡಿಯುವುದಕ್ಕೆ ಬಳಸುವ ಪ್ರತಿಯೊಂದು ಸಾರ್ವಜನಿಕ ಕೊಳವೆಬಾವಿಯ ನೀರನ್ನೂ ಯುರೇನಿಯಂ ಸಲುವಾಗಿ ಪರೀಕ್ಷಿಸಬೇಕು. ಅದೂ ಒಮ್ಮೆಯಲ್ಲ, ಬೇಸಗೆಯಲ್ಲೊಮ್ಮೆ, ಮಳೆಗಾಲದ ನಂತರ ಮತ್ತೊಮ್ಮೆ. ದಾವಣಗೆರೆಯು ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು ನೆಲೆಗೊಂಡ ನಗರ. ವಿದ್ಯೆಯ ಹೆಮ್ಮೆ ಕಟ್ಟಡಗಳ ಎತ್ತರದಲ್ಲಿಲ್ಲ. ಸುತ್ತಲಿನ ಹಳ್ಳಿಯ ಬಾವಿಯೊಳಗೆ ಏನಿದೆಯೆಂದು ತಿಳಿಸುವ ಶಕ್ತಿಯಲ್ಲಿದೆ. ಎರಡನೆಯದಾಗಿ, ಪರೀಕ್ಷೆಯ ಫಲವನ್ನು ಕಚೇರಿಯ ಕಡತದಲ್ಲಿ ಕಟ್ಟಿಡದೆ, ಬಾವಿಯ ಪಕ್ಕದಲ್ಲಿಯೇ ಕನ್ನಡದಲ್ಲಿ, ದಿನಾಂಕಸಹಿತವಾಗಿ ಫಲಕದ ಮೇಲೆ ಬರೆಯಬೇಕು. ಬಂದ ಅಂಕಿಯ ಎದುರಿಗೆ ಮಿತಿಯ ಅಂಕಿಯೂ ಇರಬೇಕು. ನೀರು ಹೊರುವ ತಾಯಿಗೆ ತಾನು ಹೊರುತ್ತಿರುವುದೇನೆಂದು ತಿಳಿಯುವ ಹಕ್ಕುಂಟು.

ಮೂರನೆಯ ಕೆಲಸ ಎಲ್ಲಕ್ಕಿಂತ ಹಿರಿದು. ಅದು ಕೆರೆಗಳ ಪುನರುಜ್ಜೀವನ. ಹರಿಹರದ ಬಳಿಯ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನು ಎತ್ತಿ, ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ ಈ ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಕೆರೆ ತುಂಬಿದರೆ ಹೊಲಕ್ಕೆ ನೀರಾಯಿತೆಂದು ಮಾತ್ರ ಎಣಿಸಬಾರದು. ಕೆರೆಯ ಹೊಸ ನೀರು ನೆಲಕ್ಕೆ ಇಂಗಿ, ಬಂಡೆಯೊಳಗಿನ ಹಳೆಯ ನೀರನ್ನು ತಿಳಿಗೊಳಿಸುತ್ತದೆ. ಇನ್ನಷ್ಟು ಆಳಕ್ಕೆ ಕೊರೆಯುವ ಅಗತ್ಯವನ್ನು ತಗ್ಗಿಸುತ್ತದೆ. ಊರಿಗೊಂದು ಕೆರೆ ಕಟ್ಟಿಸಿದ ಪೂರ್ವಿಕರಿಗೆ ಯುರೇನಿಯಂ ಎಂಬ ಹೆಸರು ತಿಳಿದಿರಲಿಲ್ಲ; ಆದರೂ ಅವರ ಕೆರೆಗಳು ಅದರಿಂದ ಊರನ್ನು ಕಾಪಾಡಿದ್ದವು. ಹೂಳು ತುಂಬಲು ಬಿಟ್ಟು, ಅಂಗಳವನ್ನು ಒತ್ತುವರಿ ಮಾಡಿ ಕೆರೆಗಳನ್ನು ಕಳೆದುಕೊಂಡ ಪೀಳಿಗೆಯು ಬಂಡೆಯ ಕೆಳಗೆ ಇಣುಕಬೇಕಾಯಿತು.

ಕಲ್ಲಿನ ಗಣಿಗಳಲ್ಲಿಯೂ ಜಲ್ಲಿ ಒಡೆಯುವ ಕ್ರಷರುಗಳಲ್ಲಿಯೂ ದುಡಿಯುವವರನ್ನು ಈ ಸಂದರ್ಭದಲ್ಲಿ ಮರೆಯಲಾಗದು. ಅವರು ಉಸಿರಾಡುವ ಧೂಳು ಸಿಲಿಕೋಸಿಸ್ ರೋಗಕ್ಕೆ ಮೂಲ. ಕಲ್ಲಿನ ಮೇಲೆ ನೀರು ಸಿಂಪಡಿಸಿ ಧೂಳನ್ನು ತಗ್ಗಿಸುವುದು, ತಕ್ಕ ಮುಖಕವಚ ಕೊಡುವುದು, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸುವುದು ದುಬಾರಿಯಾದ ಕೆಲಸಗಳಲ್ಲ. ಕೆಲಸ ಕೊಟ್ಟೆವೆಂಬ ಉಪಕಾರವು ಉಸಿರನ್ನು ಕಸಿಯುವ ಪರವಾನಗಿಯಾಗಬಾರದು. ಉದ್ಯಮ ಬೇಕು, ಗಣಿಯೂ ಬೇಕಾಗಬಹುದು. ಆದರೆ ಅವುಗಳ ಲಾಭವನ್ನು ಲೆಕ್ಕಹಾಕುವ ಪುಸ್ತಕದಲ್ಲಿಯೇ ಕಾರ್ಮಿಕನ ಆರೋಗ್ಯದ ವೆಚ್ಚವನ್ನೂ ಬರೆಯುವುದು ನ್ಯಾಯ.

ವಿಜ್ಞಾನವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿಷಯವೆಂದು ಬಗೆಯುವ ವಿದ್ಯಾರ್ಥಿಗೆ ಬೆಕರೆಲ್, ಕ್ಯೂರಿ ದೂರದ ಹೆಸರುಗಳಾಗಿಯೇ ಉಳಿಯುತ್ತಾರೆ. ತನ್ನ ಊರಿನ ಬಾವಿ ಎಷ್ಟು ಆಳ, ಅದರ ನೀರನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಿದರು, ಅದರಲ್ಲಿ ಯಾವ ಯಾವ ಅಂಶಗಳನ್ನು ನೋಡಿದರು ಎಂದು ಗ್ರಾಮ ಪಂಚಾಯಿತಿಯಲ್ಲಿ ವಿನಯದಿಂದ ಕೇಳುವ ವಿದ್ಯಾರ್ಥಿಗೆ ಅವರು ಹತ್ತಿರದವರಾಗುತ್ತಾರೆ. ಪ್ರಶ್ನೆ ಕೇಳುವುದು ಅವಿಧೇಯತೆಯಲ್ಲ. ಅದು ಪ್ರಜೆಯ ಕರ್ತವ್ಯ. ಆ ಪ್ರಶ್ನೆಗೆ ಅಂಕಿಯ ಮೂಲಕ ಉತ್ತರ ಕೊಡುವುದು ಆಡಳಿತದ ಕರ್ತವ್ಯ. ಕಣ್ಣಿಗೆ ಕಾಣದ ಕಿರಣದ ಮುಂದೆ ಬಡವ ಬಲ್ಲಿದರೆಂಬ ಭೇದವಿಲ್ಲವೆಂದು ಹೇಳುವುದುಂಟು. ವಾಸ್ತವದಲ್ಲಿ ಭೇದವಿದೆ. ಬಲ್ಲವನು ತಪ್ಪಿಸಿಕೊಳ್ಳುತ್ತಾನೆ, ತಿಳಿಯದವನು ಸಿಕ್ಕಿಬೀಳುತ್ತಾನೆ. ಆ ತಿಳಿವು ನಾಲೆಯ ನೀರಿನಂತೆ ಕೆಲವು ಊರುಗಳಿಗೆ ಮಾತ್ರ ಹರಿಯದೆ, ಮಳೆಯಂತೆ ಎಲ್ಲ ಊರುಗಳ ಮೇಲೂ ಸುರಿಯಬೇಕು.